ಲೆಕ್ಕ ಕೇಳುವ ನಂಬಿಕೆ

(ಗಚ್ಚಿಬೌಲಿಯಲ್ಲಿ ನಡೆದ ಕನ್ನಡ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡುನುಡಿಗಳ ಗುಣಗಾನ ಮಾಡುವುದು ವಾಡಿಕೆ. ಸಂಘದವರು ನಮಗೆ ವಹಿಸಿರುವ ಕೆಲಸ ಬೇರೆ. ಮತಧರ್ಮ, ವಿಜ್ಞಾನ, ವಿಜ್ಞಾನದ ಮೇಲೆ ಜನ ಇಟ್ಟಿರುವ ನಂಬಿಕೆ, ಈ ಮೂರರ ಸಂಬಂಧವಾಗಿ ವಿದ್ವಾಂಸರು ಈಚೆಗೆ ಕಂಡುಕೊಂಡಿರುವುದೇನು, ಅದರಿಂದ ನಮ್ಮಂಥ ಸಂಸಾರಗಳು ತಿಳಿಯತಕ್ಕದ್ದೇನು ಎಂಬುದನ್ನು ಹೇಳಬೇಕೆಂದು ಅಪ್ಪಣೆಯಾಗಿದೆ. ಹಬ್ಬದ ದಿನ ಇದೆಂಥ ಒಣ ವಿಷಯ ಎಂದು ಕೆಲವರಿಗೆ ತೋರಬಹುದು. ಆದರೆ ಇದು ನಮ್ಮ ಮನೆಯ ಮಗುವಿಗೆ ಹಾಕಿಸುವ ಚುಚ್ಚುಮದ್ದಿನ ವಿಷಯ, ಊರಿನಿಂದ ಬಂದ ಅಜ್ಜಿಯ ಉಬ್ಬಸದ ವಿಷಯ, ಕೊನೆಗೆ ಕನ್ನಡದ ವಿಷಯವೂ ಹೌದು. ಅದು ಹೇಗೆಂಬುದನ್ನು ಒಂದೊಂದಾಗಿ ನಿವೇದಿಸುತ್ತೇವೆ.

ನಾವು ನೆಲಸಿರುವ ಈ ಗಚ್ಚಿಬೌಲಿಯನ್ನೇ ನೋಡಿ. ಒಂದು ಕಡೆ ೧೯೭೪ರಲ್ಲಿ ಸ್ಥಾಪಿತವಾದ ಹೈದರಾಬಾದು ವಿಶ್ವವಿದ್ಯಾನಿಲಯ. ಇನ್ನೊಂದು ಕಡೆ ೧೯೯೮ರಲ್ಲಿ ಆರಂಭವಾದ ಐಐಐಟಿ. ನಡುವೆ ಗಾಜಿನ ಗೋಡೆಯ ಕಚೇರಿಗಳು. ಈ ಕಚೇರಿಗಳಲ್ಲಿ ಹಗಲೆಲ್ಲ ಗಣಕಯಂತ್ರದ ಮುಂದೆ ಕುಳಿತು ಬಂದವರು ಹೊಸ ಕಾರು ಕೊಂಡರೆ ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಹೊಸ ಮನೆಗೆ ಹೋಗುವಾಗ ಮಾವಿನ ತೋರಣ ಕಟ್ಟಿ, ಹಾಲು ಉಕ್ಕಿಸುತ್ತಾರೆ. ಇದನ್ನು ಕಂಡು ನಗುವವರಿದ್ದಾರೆ. ಇದರಲ್ಲೇ ಸಮಸ್ತ ವಿಜ್ಞಾನವೂ ಅಡಗಿದೆ ಎನ್ನುವವರೂ ಇದ್ದಾರೆ. ನಗುವುದಕ್ಕೂ ಹೊಗಳುವುದಕ್ಕೂ ಮೊದಲು ಇಲ್ಲಿ ನಡೆಯುತ್ತಿರುವುದು ಏನು ಎಂದು ವಿಚಾರಿಸುವುದು ಲೇಸು.

ಮೊದಲು ಮಾತಿನಿಂದಲೇ ಹೊರಡೋಣ. ನಮ್ಮ ಕನ್ನಡದಲ್ಲಿ 'ನಂಬಿಕೆ' ಎಂಬುದು ಬಹು ವಿಶಾಲವಾದ ಶಬ್ದ. ದೇವರನ್ನು ನಂಬುತ್ತೇವೆ, ವೈದ್ಯರನ್ನು ನಂಬುತ್ತೇವೆ, ಹಾಲು ತರುವವನನ್ನೂ ನಂಬುತ್ತೇವೆ. ಮಾತು ಒಂದೇ ಆದರೂ ಬಗೆ ಒಂದೇ ಅಲ್ಲ. ದೇವರ ಮುಂದೆ ಕೈಮುಗಿದವನು ಲೆಕ್ಕ ಕೇಳುವುದಿಲ್ಲ. ಕೇಳದಿರುವುದೇ ಅಲ್ಲಿಯ ಮರ್ಯಾದೆ. ಹಾಲಿನವನ ಮಾತು ಹಾಗಲ್ಲ. ಅವನು ಎಷ್ಟು ಒಳ್ಳೆಯವನಾದರೂ ಮನೆಯಾಕೆ ಅಳತೆಯನ್ನು ನೋಡುತ್ತಾಳೆ. ಹಾಲು ನೀರಾಗಿದ್ದರೆ ಮರುದಿನ ಕೇಳಿಯೇ ಕೇಳುತ್ತಾಳೆ. ಕೇಳಿದರೆ ನಂಬಿಕೆ ಕೆಡುವುದಿಲ್ಲ. ಕೇಳಿ, ಸರಿಯಾದ ಉತ್ತರ ಬಂದರೆ ನಂಬಿಕೆ ಬಲವಾಗುತ್ತದೆ. ನಮ್ಮ ಸಂಘದ ಖಜಾಂಚಿಗಳ ಪ್ರಾಮಾಣಿಕತೆಯಲ್ಲಿ ಯಾರಿಗೂ ಸಂದೇಹವಿಲ್ಲ. ಆದರೂ ಪ್ರತಿವರ್ಷ ಜಮಾಖರ್ಚನ್ನು ಸರ್ವಸದಸ್ಯರ ಸಭೆಯ ಮುಂದಿಡುತ್ತೇವೆ, ತಪಾಸಣೆ ಮಾಡಿಸುತ್ತೇವೆ. ಅದರಿಂದ ಅವರಿಗೆ ಅವಮಾನವಾಯಿತೆಂದು ಯಾರೂ ಭಾವಿಸುವುದಿಲ್ಲ. ಲೆಕ್ಕ ಕೇಳದ ನಂಬಿಕೆ ಒಂದು, ಲೆಕ್ಕ ಕೇಳುವ ನಂಬಿಕೆ ಮತ್ತೊಂದು. ಈ ಎರಡನ್ನು ಬೇರೆಬೇರೆಯಾಗಿ ಇಟ್ಟುಕೊಂಡರೆ ಮುಂದಿನ ಮಾತೆಲ್ಲ ಸುಲಭವಾಗುತ್ತದೆ.

ಮತಧರ್ಮಕ್ಕೂ ವಿಜ್ಞಾನಕ್ಕೂ ಹುಟ್ಟುಹಗೆ ಎಂಬ ಅಭಿಪ್ರಾಯ ಪಶ್ಚಿಮ ದೇಶಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಲವಾಯಿತು. ಅಮೆರಿಕದ ಡ್ರೇಪರ್ ಎಂಬಾತ ೧೮೭೪ರಲ್ಲಿ ಈ ಎರಡರ ಕಾಳಗದ ಇತಿಹಾಸವೆಂದೇ ಒಂದು ಗ್ರಂಥ ಬರೆದನು. ಇಂದಿನ ಇತಿಹಾಸಕಾರರು ಈ ಚಿತ್ರ ತೀರ ಸರಳವೆಂದು ಕೈಬಿಟ್ಟಿದ್ದಾರೆ. ನಮ್ಮ ದೇಶಕ್ಕಂತೂ ಅದು ಮೊದಲಿನಿಂದಲೂ ಸರಿಯಾಗಿ ಹೊಂದಲಿಲ್ಲ. ಇದಕ್ಕೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಾಗಿಲ್ಲ, ನಮ್ಮ ಬೆಂಗಳೂರಿಗೆ ಹೋದರೆ ಸಾಕು.

ಅಮೆರಿಕದ ಪ್ರಾಧ್ಯಾಪಕ ರಾಬರ್ಟ್ ಗೆರಾಸಿ ಬೆಂಗಳೂರಿನಲ್ಲಿ ಇದ್ದುಕೊಂಡು ಅಲ್ಲಿಯ ವಿಜ್ಞಾನಿಗಳನ್ನೂ ಎಂಜಿನಿಯರುಗಳನ್ನೂ ಕಂಡು ಮಾತನಾಡಿ ೨೦೧೮ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಪ್ರಯೋಗಶಾಲೆಗಳಲ್ಲಿ ನಡೆಯುವ ಆಯುಧಪೂಜೆಯ ವಿಷಯ ಅದರಲ್ಲಿ ಬಂದಿದೆ. ಯಂತ್ರಕ್ಕೆ ಅರಿಶಿನ ಕುಂಕುಮವಿಟ್ಟು ಹೂವೇರಿಸಿದ ಮಾತ್ರಕ್ಕೆ ಅಲ್ಲಿ ಅಳತೆಯ ಕೆಲಸ ನಿಲ್ಲುವುದಿಲ್ಲ. ಹಬ್ಬ ಕಳೆದ ಮೇಲೆ ಅದೇ ಯಂತ್ರದ ತಪ್ಪನ್ನು ಅದೇ ವಿಜ್ಞಾನಿ ಹುಡುಕುತ್ತಾನೆ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ನಡುವೆ ಬಹುಕಾಲ ಇದ್ದು ಅಭ್ಯಾಸ ಮಾಡಿದ ರೆನ್ನಿ ಥಾಮಸ್ ಎಂಬ ನಮ್ಮ ದೇಶದ ವಿದ್ವಾಂಸರ ಪುಸ್ತಕ ೨೦೨೨ರಲ್ಲಿ ಬಂತು. ದೇವರನ್ನು ನಂಬುವ ವಿಜ್ಞಾನಿಗೆ ಪೂಜೆಗೂ ಪ್ರಯೋಗಕ್ಕೂ ಜಗಳ ಕಾಣುವುದಿಲ್ಲವೆಂದೂ, ದೇವರಿಲ್ಲವೆನ್ನುವ ವಿಜ್ಞಾನಿಯೂ ಹುಟ್ಟಿದ ಮನೆಯ ಆಚಾರಗಳನ್ನು ಪೂರ್ತಿ ಬಿಟ್ಟಿರುವುದಿಲ್ಲವೆಂದೂ ಅವರು ತೋರಿಸಿದ್ದಾರೆ. ಇಲೇನ್ ಎಕ್‌ಲಂಡ್ ಮತ್ತು ಜೊತೆಯವರು ಭಾರತವೂ ಸೇರಿ ಎಂಟು ಕಡೆಯ ವಿಜ್ಞಾನಿಗಳನ್ನು ವಿಚಾರಿಸಿ ೨೦೧೯ರಲ್ಲಿ ಪ್ರಕಟಿಸಿದ ಗ್ರಂಥದ ಸಾರವೂ ಇದೇ ಜಾಡಿನದು: ಧರ್ಮಕ್ಕೂ ವಿಜ್ಞಾನಕ್ಕೂ ಕಾಳಗವೆನ್ನುವವರು ವಿಜ್ಞಾನಿಗಳಲ್ಲೇ ಕಡಿಮೆ.

ಇದು ವಿಜ್ಞಾನಿಗಳ ಮಾತಾಯಿತು. ಸಾಮಾನ್ಯ ಜನರ ಮಾತೇನು? ೬೮ ದೇಶಗಳ ೭೧ ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿ ಮಾಡಿದ ಒಂದು ದೊಡ್ಡ ಅಧ್ಯಯನ ೨೦೨೫ರ ಜನವರಿಯಲ್ಲಿ ಪ್ರಕಟವಾಯಿತು. ವಿಜ್ಞಾನಿಗಳ ಮೇಲೆ ಎಷ್ಟು ನಂಬಿಕೆ ಎಂದು ಐದು ಅಂಕಗಳ ಅಳತೆಯಲ್ಲಿ ನೋಡಿದರೆ ಲೋಕದ ಸರಾಸರಿ ೩.೬೨ ಬಂತು. ಎಲ್ಲಕ್ಕಿಂತ ಮೇಲೆ ಈಜಿಪ್ಟ್. ಎರಡನೆಯದು ನಮ್ಮ ಭಾರತ, ೪.೨೬. ಒಟ್ಟಿನ ಮೇಲೆ ಧರ್ಮಶ್ರದ್ಧೆ ಹೆಚ್ಚಿರುವವರಲ್ಲಿ ವಿಜ್ಞಾನಿಗಳ ಮೇಲಿನ ನಂಬಿಕೆ ಕಡಿಮೆಯಾಗಿರಲಿಲ್ಲ, ತುಸು ಹೆಚ್ಚೇ ಇತ್ತು. ಇಲ್ಲಿಯೂ ಲೆಕ್ಕ ಕೇಳುವ ಪದ್ಧತಿಯನ್ನು ನಾವು ಬಿಡಬಾರದು. ಈ ವಿಚಾರಣೆ ಅಂತರ್ಜಾಲದ ಮೂಲಕ ನಡೆದದ್ದು. ಅಂತರ್ಜಾಲದ ಸೌಕರ್ಯವಿಲ್ಲದ ಹಳ್ಳಿಗರ ಮಾತು ಅದರಲ್ಲಿ ಸರಿಯಾಗಿ ಬಂದಿರಲಾರದು. ಹೀಗಾಗಿ ಅಂಕಿಯನ್ನು ಹಿಗ್ಗಿ ಹೊತ್ತು ಮೆರೆಯಿಸಬೇಕಾಗಿಲ್ಲ. ಆದರೂ ದೇವರಿಗೆ ಕೈಮುಗಿಯುವವನು ವಿಜ್ಞಾನಕ್ಕೆ ಬೆನ್ನು ತಿರುಗಿಸುತ್ತಾನೆ ಎಂಬ ಮಾತು ನಿಲ್ಲುವುದಿಲ್ಲ ಎಂಬಷ್ಟಂತೂ ಸ್ಪಷ್ಟ.

ಸಂದೇಹವೆಂಬುದಕ್ಕೂ ಒಂದೇ ಬೇರಿಲ್ಲ. ನೆದರ್ಲೆಂಡ್ಸಿನ ಬಾಸ್ಟಿಯಾನ್ ರುಟ್ಯೆನ್ಸ್ ಮತ್ತು ಸಂಗಡಿಗರು ೨೪ ದೇಶಗಳಲ್ಲಿ ನಡೆಸಿದ ಅಧ್ಯಯನದಂತೆ, ಹವಾಮಾನದ ಬದಲಾವಣೆಯನ್ನು ಶಂಕಿಸುವವನು, ಲಸಿಕೆಯನ್ನು ಶಂಕಿಸುವವನು, ಜೀವವಿಕಾಸವನ್ನು ಶಂಕಿಸುವವನು, ಈ ಮೂವರೂ ಒಂದೇ ಕಾರಣಕ್ಕೆ ಶಂಕಿಸುವುದಿಲ್ಲ. ಒಂದಕ್ಕೆ ಕೆಲವು ದೇಶಗಳ ಪಕ್ಷರಾಜಕೀಯ ಮೂಲ, ಇನ್ನೊಂದಕ್ಕೆ 'ಪ್ರಕೃತಿ', 'ಅಧ್ಯಾತ್ಮ' ಎಂಬ ಒಲವು ಮೂಲ, ಮತ್ತೊಂದಕ್ಕೆ ಮತಗ್ರಂಥ. ಆದಕಾರಣ 'ಇವನು ಮೂಢ' ಎಂದು ಒಂದೇ ಹಣೆಪಟ್ಟಿ ಕಟ್ಟುವುದು ಅವೈಜ್ಞಾನಿಕವೇ ಸರಿ. ರೋಗ ಬೇರೆಯಾದರೆ ಮದ್ದೂ ಬೇರೆ.

ಹಾಗಾದರೆ ಎಲ್ಲವೂ ಕ್ಷೇಮವೆ? ನಂಬಿಕೆಯಲ್ಲಿ ನಾವು ಎರಡನೆಯವರಾದ ಮೇಲೆ ಇನ್ನೇನು ಬೇಕು ಎಂದು ಕೇಳಬಹುದು. ನಮ್ಮ ಅಳುಕು ಇರುವುದು ಅಲ್ಲಿಯೇ. ಎಷ್ಟು ನಂಬುತ್ತೇವೆ ಎಂಬುದು ಒಂದು ಪ್ರಶ್ನೆ. ಹೇಗೆ ನಂಬುತ್ತೇವೆ ಎಂಬುದು ಇನ್ನೊಂದು. ಗುರುಗಳ ಪಾದಕ್ಕೆ ಬಿದ್ದಂತೆ ವಿಜ್ಞಾನದ ಪಾದಕ್ಕೂ ಬಿದ್ದರೆ, ನಾಳೆ ಬಿಳಿಯ ಕೋಟು ತೊಟ್ಟು ಬರುವ ಯಾವನೇ ಆಗಲಿ ನಮ್ಮನ್ನು ಮೋಸಗೊಳಿಸಬಲ್ಲನು. 'ನಾಸಾ ಸಂಸ್ಥೆಯವರು ಒಪ್ಪಿದ್ದಾರೆ' ಎಂಬ ಬಾಲ ಕಟ್ಟಿಕೊಂಡು ಎಷ್ಟೋ ಸುಳ್ಳುಗಳು ನಮ್ಮ ಕೈಯಲ್ಲಿನ ದೂರವಾಣಿಗೆ ಬರುತ್ತವೆ. ವಿಜ್ಞಾನದ ಮೇಲೆ ಭಕ್ತಿ ಇರುವುದರಿಂದಲೇ ಆ ಸುಳ್ಳು ಚಲಾವಣೆಯಾಗುತ್ತದೆ ಎಂಬುದನ್ನು ಗಮನಿಸಬೇಕು. ಭಕ್ತಿ ಇದೆ, ವಿಚಾರಣೆ ಇಲ್ಲ.

ಈ ಕೊರತೆಯನ್ನು ಮೊದಲೇ ಕಂಡು ಮಾತನಾಡಿದವರು ನಮ್ಮ ಈ ಹೈದರಾಬಾದಿನಲ್ಲಿದ್ದರು. ಇಲ್ಲಿಯ ಪ್ರಾಂತೀಯ ಸಂಶೋಧನಾಲಯದಲ್ಲಿದ್ದ ಪುಷ್ಪ ಮಿತ್ರ ಭಾರ್ಗವರು, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಸತೀಶ್ ಧವನರು ಮುಂತಾದವರು ಕೂಡಿ ೧೯೬೪ರಲ್ಲಿ ವೈಜ್ಞಾನಿಕ ಮನೋಧರ್ಮಕ್ಕಾಗಿ ಒಂದು ಸಂಘವನ್ನು ಇಲ್ಲಿ ಆರಂಭಿಸಿದರು. ಜ್ಞಾನವು ಮನುಷ್ಯಪ್ರಯತ್ನದಿಂದಲೇ ಬರತಕ್ಕದ್ದು, ದಿವ್ಯವಾಣಿಯಿಂದ ಅಲ್ಲ ಎಂಬ ಅರ್ಥದ ಹೇಳಿಕೆಗೆ ಸದಸ್ಯರು ಸಹಿ ಹಾಕಬೇಕಾಗಿತ್ತು. ವಿಜ್ಞಾನಿಗಳಲ್ಲೇ ಹಲವರು ಸಹಿ ಹಾಕಲು ಒಪ್ಪಲಿಲ್ಲವೆಂದು ಭಾರ್ಗವರು ಮುಂದೆ ಹೇಳಿಕೊಂಡರು. ಮುಂದೆ ೧೯೭೭ರಲ್ಲಿ ಇದೇ ಊರಿನಲ್ಲಿ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರವನ್ನು ಕಟ್ಟಿದವರೂ ಅವರೇ. ಅವರ ಪ್ರಾಮಾಣಿಕತೆಗೆ ನಾವು ತಲೆಬಾಗುತ್ತೇವೆ. ಆದರೆ ದೇವರ ವಿಷಯದಲ್ಲಿ ಸಹಿ ಕೇಳಿ ಬಾಗಿಲಲ್ಲೇ ನಿಲ್ಲಿಸಿದರೆ, ಒಳಗೆ ಬರಬಹುದಾಗಿದ್ದ ಎಷ್ಟೋ ಮಂದಿ ಹೊರಗೇ ಉಳಿಯುತ್ತಾರಲ್ಲವೆ? ನಮ್ಮ ಮನೆಗಳಲ್ಲಿ ಪ್ರಶ್ನೆ ಕೇಳುವ ಅಭ್ಯಾಸವನ್ನು ಬೆಳೆಸುವುದಕ್ಕೆ ಆ ಸಹಿ ಅವಶ್ಯವಲ್ಲ ಎಂದು ನಮ್ಮ ಅಭಿಪ್ರಾಯ.

ಕನ್ನಡನಾಡಿನ ಎಚ್. ನರಸಿಂಹಯ್ಯನವರ ಹೆಸರನ್ನು ಇಲ್ಲಿ ಸ್ಮರಿಸದಿದ್ದರೆ ಅಪಚಾರವಾದೀತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಭೌತಶಾಸ್ತ್ರ ಓದಿ, ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು ಬಂದ ಮೇಲೂ ಖಾದಿಯನ್ನು ಬಿಡದ ಗಾಂಧಿವಾದಿ ಅವರು. ೧೯೬೨ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಆರಂಭಿಸಿ ಸಾರ್ವಜನಿಕರ ಮುಂದೆ ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸಿದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, ೧೯೭೬ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಇತರ ನಂಬಿಕೆಗಳನ್ನೂ ವೈಜ್ಞಾನಿಕವಾಗಿ ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿದರು. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದು ಪರೀಕ್ಷೆಗೆ ಅವಕಾಶ ಕೇಳಿದರು, ಅವಕಾಶ ದೊರೆಯಲಿಲ್ಲ. ನಾಡಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ನಾವು ಗಮನಿಸಬೇಕಾದದ್ದು 'ಪರೀಕ್ಷಿಸಬಹುದಾದ' ಎಂಬ ಆ ಒಂದು ವಿಶೇಷಣವನ್ನು. ದೇವರಿದ್ದಾನೆಯೆ ಎಂದು ಆ ಸಮಿತಿ ಕೇಳಹೊರಡಲಿಲ್ಲ. ಗಾಳಿಯಿಂದ ವಸ್ತು ಬರುತ್ತದೆ ಎಂದು ಒಬ್ಬರು ಹೇಳಿದರೆ, ಅದು ಕಣ್ಣಿಗೆ ಕಾಣುವ ಲೋಕದ ಸಂಗತಿಯಾಯಿತು. ಅದರ ಲೆಕ್ಕ ಕೇಳಲು ಬರುತ್ತದೆ ಎಂದರು, ಅಷ್ಟೆ. ಅದೇ ೧೯೭೬ರಲ್ಲಿ ನಡೆದ ನಲವತ್ತೆರಡನೆಯ ತಿದ್ದುಪಡಿಯಿಂದ, ವೈಜ್ಞಾನಿಕ ಮನೋಧರ್ಮವನ್ನೂ ಮಾನವೀಯತೆಯನ್ನೂ ಪ್ರಶ್ನಿಸುವ ಗುಣವನ್ನೂ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ನಮ್ಮ ಸಂವಿಧಾನದಲ್ಲಿ ಸೇರಿತು.

ಶ್ರದ್ಧೆಯುಳ್ಳವನು ವಿಚಾರಿಯಾಗಲಾರನೆ? ಕುವೆಂಪು ಅವರನ್ನು ನೋಡಿ. ಶ್ರೀರಾಮಕೃಷ್ಣರ, ವಿವೇಕಾನಂದರ ಜೀವನಚರಿತ್ರೆಗಳನ್ನು ಭಕ್ತಿಯಿಂದ ಬರೆದವರು ಅವರೇ. ೧೯೭೪ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಘಟಿಕೋತ್ಸವದಲ್ಲಿ ವಿಚಾರಕ್ರಾಂತಿಗೆ ತರುಣರನ್ನು ಆಹ್ವಾನಿಸಿದವರೂ ಅವರೇ. ಒಂದೇ ಹೃದಯದಲ್ಲಿ ಎರಡಕ್ಕೂ ಸ್ಥಳವಿತ್ತು.

ಜನರ ನಂಬಿಕೆಯನ್ನು ವಿಜ್ಞಾನ ಗಳಿಸುವುದು ಹೇಗೆ ಎಂಬುದಕ್ಕೆ ನಮ್ಮ ಮೈಸೂರಿನ ಇತಿಹಾಸದಲ್ಲಿ ಒಂದು ಸೊಗಸಾದ ಉದಾಹರಣೆಯುಂಟು. ಸಿಡುಬಿಗೆ ಜೆನ್ನರ್ ೧೭೯೬ರಲ್ಲಿ ಲಸಿಕೆ ಕಂಡುಹಿಡಿದನು. ೧೮೦೨ರಲ್ಲಿ ಅದು ಭಾರತಕ್ಕೆ ಬಂತು. ಹಸುವಿನ ರೋಗದಿಂದ ತೆಗೆದ ರಸವನ್ನು ಮೈಗೆ ಸೇರಿಸುವುದೆಂದರೆ ಜನಕ್ಕೆ ಹಿಂಜರಿಕೆಯಾದದ್ದು ಸಹಜ. ಅದೂ ಅಲ್ಲದೆ ಸಿಡುಬನ್ನು ನಮ್ಮವರು 'ಅಮ್ಮ' ಎಂದು ಕರೆದು ಪೂಜಿಸುತ್ತಿದ್ದರು. ೧೮೦೫ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ರಾಜಸ್ತ್ರೀಯರ ಚಿತ್ರ ಬರೆದನು. ಅದರಲ್ಲಿ ಒಬ್ಬಾಕೆ, ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ, ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರುತ್ತಿದ್ದಾಳೆ. ಆಕೆ ತೋರುತ್ತಿರುವುದು ಲಸಿಕೆ ಹಾಕಿದ ಜಾಗವನ್ನು, ಪ್ರಜೆಗಳಿಗೆ ಧೈರ್ಯ ಬರಲೆಂದೇ ಆ ಚಿತ್ರ ಸಿದ್ಧವಾಯಿತು ಎಂದು ಕೇಂಬ್ರಿಜ್‌ನ ಇತಿಹಾಸಕಾರ ನೈಜೆಲ್ ಚಾನ್ಸಲರ್ ೨೦೦೧ರಲ್ಲಿ ವಾದಿಸಿದರು. ಅವರ ಊಹೆ ಸರಿಯಾದರೆ, ಸರಕಾರದ ಆಜ್ಞೆ ಮಾಡಲಾರದ ಕೆಲಸವನ್ನು ರಾಣಿಯ ತೋಳು ಮಾಡಿತು. ತನ್ನ ಮೈಯನ್ನೇ ಸಾಕ್ಷಿಯಾಗಿ ಇಟ್ಟವರ ಮಾತಿಗೆ ಬೆಲೆ ಬರುತ್ತದೆ.

೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗಲೂ ಎರಡು ಕೈಗಳೂ ಕೆಲಸ ಮಾಡಿದವು. ಗಾಳಿ ಬೆಳಕಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದದ್ದು ಆ ಪಿಡುಗಿನ ಬೆನ್ನಲ್ಲಿ. 'ಪ್ಲೇಗಮ್ಮ'ನ ಗುಡಿಗಳು ಎದ್ದದ್ದೂ ಆಗಲೇ. ಅದೇ ವರ್ಷ ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ನನ ಪ್ಲೇಗಿನ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ನಮ್ಮ ಕಾಲಕ್ಕೆ ಬಂದರೆ, ಪೋಲಿಯೋ ಹನಿಯ ವಿಷಯದಲ್ಲಿ ಉತ್ತರಪ್ರದೇಶದ ಕೆಲವು ಮೊಹಲ್ಲಾಗಳಲ್ಲಿ ಹಬ್ಬಿದ್ದ ಶಂಕೆ ನೀಗುವುದಕ್ಕೆ ಅಲ್ಲಿಯ ಮೌಲ್ವಿಗಳೂ ನೆರೆಮನೆಯ ಹೆಂಗಸರೂ ಸಹಾಯಕ್ಕೆ ನಿಂತರು. ೨೦೧೧ರ ಜನವರಿಯಲ್ಲಿ ಹೌರಾದಲ್ಲಿ ಕಂಡದ್ದೇ ಭಾರತದ ಕಡೆಯ ಪೋಲಿಯೋ ಪ್ರಕರಣ. ೨೦೧೪ರ ಮಾರ್ಚ್ ೨೭ರಂದು ದೇಶಕ್ಕೆ ಪೋಲಿಯೋಮುಕ್ತವೆಂಬ ಮನ್ನಣೆ ದೊರೆಯಿತು. ಧರ್ಮ ಅಡ್ಡ ನಿಂತಿದ್ದ ಬಾಗಿಲನ್ನು ಧರ್ಮದವರೇ ತೆರೆದರು.

ಇನ್ನು ವಿಜ್ಞಾನವೇ ಲೆಕ್ಕ ಒಪ್ಪಿಸಲು ತಡಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಊರಿನ ಸಂಗತಿಯನ್ನೇ ಹೇಳಬಹುದು. ಶಾಮೀರ್‌ಪೇಟೆಯ ಕಡೆ ಜೀನೋಮ್ ವ್ಯಾಲಿಯಲ್ಲಿ ಭಾರತ್ ಬಯೋಟೆಕ್ ಸಂಸ್ಥೆಯವರು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಪುಣೆಯ ವೈರಾಣು ಸಂಸ್ಥೆಯ ಜೊತೆಗೂಡಿ ಕೋವ್ಯಾಕ್ಸಿನ್ ಲಸಿಕೆಯನ್ನು ಸಿದ್ಧಪಡಿಸಿದರು. ಇದು ನಮ್ಮ ದೇಶಕ್ಕೆ ಕೀರ್ತಿ ತಂದ ಕೆಲಸ. ಆದರೆ ೨೦೨೧ರ ಜನವರಿ ೩ರಂದು ಅದಕ್ಕೆ ತುರ್ತು ಅನುಮತಿ ದೊರೆತಾಗ ಮೂರನೆಯ ಹಂತದ ಪರೀಕ್ಷೆಯ ಫಲಿತಾಂಶ ಬಂದಿರಲಿಲ್ಲ. ಆಗ ಹಿಂಜರಿದವರು ಯಾರು? ಗುಡಿಗೆ ಹೋಗುವ ಮುದುಕಿಯರು ಮಾತ್ರವಲ್ಲ. ದೆಹಲಿಯ ಒಂದು ದೊಡ್ಡ ಸರಕಾರಿ ಆಸ್ಪತ್ರೆಯ ಕಿರಿಯ ವೈದ್ಯರೇ ತಮಗೆ ಇನ್ನೊಂದು ಲಸಿಕೆ ಕೊಡಿರೆಂದು ಪತ್ರ ಬರೆದರು. ಮುಂದೆ ೨೫ ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ ಹೊರಬಂತು, ಶೇಕಡಾ ೭೭.೮ರಷ್ಟು ರಕ್ಷಣೆಯೆಂದು ೨೦೨೧ರ ನವೆಂಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ತಿಂಗಳು ೩ರಂದು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿಗೆ ಕೊಟ್ಟಿತು. ಆ ವೈದ್ಯರ ಸಂದೇಹ ಮತದಿಂದ ಬಂದದ್ದಲ್ಲ, ಮೌಢ್ಯದಿಂದಲೂ ಅಲ್ಲ. ಲೆಕ್ಕದ ಪುಸ್ತಕ ಇನ್ನೂ ತೆರೆಯದಿದ್ದುದರಿಂದ ಬಂದದ್ದು. ಪುಸ್ತಕ ತೆರೆದ ಮೇಲೂ ಸಂದೇಹವನ್ನು ಬಿಡದಿದ್ದರೆ ಅದು ಹಟ. ತೆರೆಯುವ ಮುನ್ನ ಕೇಳುವುದು ಹಟವಲ್ಲ, ವಿವೇಕ. ನಮ್ಮ ತರ್ಕಶಾಸ್ತ್ರದವರು ಸಂಶಯವನ್ನು ವಿಚಾರದ ಮೊದಲ ಮೆಟ್ಟಿಲೆಂದು ಇಟ್ಟರು. ಕೊನೆಯ ಮೆಟ್ಟಿಲೆಂದು ಇಡಲಿಲ್ಲ.

ಇದೇ ಊರಿನ ಇನ್ನೊಂದು ಸಂಗತಿ ಇದಕ್ಕೆ ತೀರ ಎದುರು. ಪ್ರತಿವರ್ಷ ಜೂನ್ ತಿಂಗಳಲ್ಲಿ ಮೃಗಶಿರಾ ಮಳೆ ಹುಟ್ಟುವ ಹೊತ್ತಿಗೆ ನಾಂಪಲ್ಲಿಯ ವಸ್ತುಪ್ರದರ್ಶನದ ಮೈದಾನದಲ್ಲಿ ಬತ್ತಿನಿ ಮನೆತನದವರು ಉಬ್ಬಸದ ರೋಗಿಗಳಿಗೆ ಜೀವಂತ ಮೀನಿನ ಮರಿಯ ಬಾಯಲ್ಲಿ ಮದ್ದನ್ನಿಟ್ಟು ನುಂಗಿಸುತ್ತಾರೆ. ಮೀನು ತಿನ್ನದವರಿಗೆ ಬೆಲ್ಲದಲ್ಲಿ ಕೊಡುತ್ತಾರೆ. ಹಣ ತೆಗೆದುಕೊಳ್ಳುವುದಿಲ್ಲ. ೧೮೪೫ರಲ್ಲಿ ಒಬ್ಬ ಸಾಧು ತಮ್ಮ ಹಿರಿಯರಿಗೆ ಈ ಯೋಗವನ್ನು ಕೊಟ್ಟನೆಂದು ಮನೆತನದವರು ಹೇಳುತ್ತಾರೆ. ಮದ್ದಿನ ವಿವರವನ್ನು ಗುಟ್ಟಾಗಿ ಇಟ್ಟಿದ್ದಾರೆ. ಕೋವಿಡ್ ಕಾಲದಲ್ಲಿ ನಿಂತಿದ್ದು ೨೦೨೩ರಲ್ಲಿ ಮತ್ತೆ ಆರಂಭವಾಯಿತು. ನಮ್ಮ ಕರ್ನಾಟಕದಿಂದಲೂ ಜನ ರಾತ್ರಿಯಿಡೀ ಪ್ರಯಾಣ ಮಾಡಿ ಬರುತ್ತಾರೆ. ನಮ್ಮ ಮನೆಗಳಲ್ಲೇ ಇಳಿದುಕೊಳ್ಳುವ ನೆಂಟರೂ ಉಂಟು. ಇದನ್ನು ಮೊದಲು 'ಮೀನಿನ ಮದ್ದು' ಎನ್ನುತ್ತಿದ್ದರು. ವಿಚಾರವಾದಿಗಳು ಆಕ್ಷೇಪಿಸಿ, ವ್ಯಾಜ್ಯವಾದ ಮೇಲೆ 'ಮೀನಿನ ಪ್ರಸಾದ' ಎಂಬ ಹೆಸರು ರೂಢಿಗೆ ಬಂತು. ಹೆಸರಿನ ಈ ಬದಲಾವಣೆಯಲ್ಲಿ ನಮ್ಮ ಇಂದಿನ ವಿಷಯವೆಲ್ಲ ಅಡಗಿದೆ. ಮದ್ದು ಎಂದರೆ ಲೆಕ್ಕ ಕೇಳಬಹುದು: ಎಷ್ಟು ಜನಕ್ಕೆ ಕೊಟ್ಟಿರಿ, ಎಷ್ಟು ಜನಕ್ಕೆ ವಾಸಿಯಾಯಿತು, ಕೊಡದವರಲ್ಲಿ ಎಷ್ಟು ಜನಕ್ಕೆ ತಾನಾಗಿ ಕಡಿಮೆಯಾಯಿತು? ಪ್ರಸಾದ ಎಂದೊಡನೆ ಕೇಳುವ ಬಾಯಿ ಮುಚ್ಚುತ್ತದೆ. ಆದರೆ ಬಂದವರು ಬರುವುದು ಉಸಿರಿನ ಕಷ್ಟಕ್ಕೆ. ಅವರಿಗೆ ಬೇಕಾದದ್ದು ಮದ್ದೇ.

ಬಂದ ನೆಂಟರಿಗೆ ಏನು ಹೇಳೋಣ? ಅಪಹಾಸ್ಯ ಮಾಡಿದರೆ ಅವರು ಮುಂದಿನ ವರ್ಷ ನಮಗೆ ತಿಳಿಸದೆ ಬಂದುಹೋಗುತ್ತಾರೆ, ಅಷ್ಟೆ. 'ದೊಡ್ಡಮ್ಮ, ಪ್ರಸಾದವೆಂದು ತೆಗೆದುಕೊಂಡಿದ್ದೀರಿ, ಆಗಲಿ. ಡಾಕ್ಟರು ಕೊಟ್ಟಿರುವ ಇನ್ಹೇಲರನ್ನು ಮಾತ್ರ ಬಿಡಬೇಡಿ. ಉಸಿರು ಕಟ್ಟಿದರೆ ರಾತ್ರಿಯೇ ಆಗಲಿ ಆಸ್ಪತ್ರೆಗೆ ಹೋಗಬೇಕು' ಎಂದು ಕೈ ಹಿಡಿದು ಹೇಳಿದರೆ ಕೇಳುತ್ತಾರೆ. ಉಬ್ಬಸ ತಾನೇ ಏರಿಳಿಯುವ ರೋಗ. ಮಳೆಗಾಲದ ಮೊದಲು ಕೊಟ್ಟದ್ದರಿಂದ ಕಡಿಮೆಯಾಯಿತೋ, ತಾನಾಗಿ ಇಳಿಯಿತೋ ಹೇಳಲಾಗದು ಎಂಬುದನ್ನೂ ತಿಳಿಯಾದ ಕನ್ನಡದಲ್ಲಿ ವಿವರಿಸಬಹುದು. ಮದ್ದು ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಇಲ್ಲಿ ವಾದದಲ್ಲಿ ಗೆಲ್ಲುವುದು ಮುಖ್ಯವಲ್ಲ, ದೊಡ್ಡಮ್ಮ ಉಸಿರಾಡುವುದು ಮುಖ್ಯ.

'ತಿಳಿಯಾದ ಕನ್ನಡದಲ್ಲಿ' ಎಂದೆವು. ರಾಜ್ಯೋತ್ಸವದ ದಿನ ಈ ವಿಷಯವನ್ನು ಎತ್ತಿದ್ದಕ್ಕೆ ಕಾರಣ ಅಲ್ಲಿದೆ. ಪರಸ್ಥಳದಲ್ಲಿರುವ ನಮ್ಮ ಮನೆಗಳಲ್ಲಿ ಕನ್ನಡ ಯಾವ ಯಾವುದಕ್ಕೆ ಉಳಿದಿದೆ ಎಂದು ಎಣಿಸಿ ನೋಡಿ. ಪೂಜೆಗೆ, ಹಬ್ಬದ ಅಡಿಗೆಗೆ, ದಾಸರ ಪದಕ್ಕೆ, ಊರಿನ ಅಜ್ಜಿಯೊಡನೆ ದೂರವಾಣಿಯ ಮಾತಿಗೆ. ಮಗುವಿನ ಗಣಿತ, ಭೌತಶಾಸ್ತ್ರ, ಜೀವಶಾಸ್ತ್ರವೆಲ್ಲ ಇಂಗ್ಲಿಷಿನಲ್ಲಿ. ಬೀದಿಯ ವ್ಯವಹಾರ ತೆಲುಗು, ಹಿಂದಿಗಳಲ್ಲಿ. ಹೀಗೆ ಭಾಗಹಂಚಿಕೆಯಾದರೆ ಮಗು ಏನು ತಿಳಿಯುತ್ತದೆ? ನಂಬಲು ಕನ್ನಡ, ಯೋಚಿಸಲು ಇಂಗ್ಲಿಷು ಎಂದು ತಿಳಿಯುತ್ತದೆ. 'ಏಕೆ?' ಎಂದು ಕೇಳುವ ಭಾಷೆ ಒಂದು, 'ಸುಮ್ಮನಿರು' ಎನ್ನಿಸಿಕೊಳ್ಳುವ ಭಾಷೆ ಇನ್ನೊಂದು ಎಂದಾಗುತ್ತದೆ. ಅಂಥ ಮಗು ದೊಡ್ಡದಾದ ಮೇಲೆ ಕನ್ನಡವನ್ನು ಪ್ರೀತಿಯಿಂದ ಕಪಾಟಿನಲ್ಲಿಟ್ಟು ಬೀಗ ಹಾಕುತ್ತದೆ. ಅತ್ತ ಊರಿನ ಹಿರಿಯರಿಗೆ ಕನ್ನಡದಲ್ಲಿ ಬರುವುದು ದೂರವಾಣಿಯ ಸುಳ್ಳುಸುದ್ದಿ ಮಾತ್ರ. ಅದಕ್ಕೆ ಉತ್ತರ ಹೇಳಬಲ್ಲ ಮೊಮ್ಮಗನಿಗೆ ಕನ್ನಡದಲ್ಲಿ ಉತ್ತರಿಸಲು ಮಾತಿಲ್ಲ. ಇದರಿಂದ ಕನ್ನಡಕ್ಕೂ ನಷ್ಟ, ವಿಜ್ಞಾನಕ್ಕೂ ನಷ್ಟ.

ಕನ್ನಡಕ್ಕೆ ಈ ಶಕ್ತಿ ಇಲ್ಲವೆಂದು ಹೇಳುವಂತಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲೇ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಶಿವರಾಮ ಕಾರಂತರು ಮಕ್ಕಳಿಗೆ 'ಬಾಲಪ್ರಪಂಚ'ವನ್ನೂ ದೊಡ್ಡವರಿಗೆ 'ವಿಜ್ಞಾನ ಪ್ರಪಂಚ'ವನ್ನೂ ಬರೆದರು. ೨೦೨೩ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕದಿಂದ, ಪಾಠದ ಹೊರೆ ಇಳಿಸುವ ಕಾರಣ ಹೇಳಿ, ಜೀವವಿಕಾಸದ ಭಾಗವನ್ನು ಕೈಬಿಟ್ಟಾಗ ದೇಶದ ೧೮೦೦ಕ್ಕೂ ಹೆಚ್ಚು ವಿಜ್ಞಾನಿಗಳೂ ಅಧ್ಯಾಪಕರೂ ಆಕ್ಷೇಪಿಸಿ ಸಹಿ ಹಾಕಿದರು. ಪಠ್ಯದಲ್ಲಿ ಬಿಟ್ಟುಹೋದದ್ದನ್ನು ಮನೆಯಲ್ಲಿ ಹೇಳಿಕೊಡಲು ನಮಗೆ ಅಡ್ಡಿಯೇನು? ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿ ೧೯೮೦ರಲ್ಲೇ ಬಂದಿದೆ. ಹಾರುವ ಓತಿಯನ್ನು ಹುಡುಕುತ್ತ ಮಲೆನಾಡಿನ ಕಾಡು ಹೊಕ್ಕ ವಿಜ್ಞಾನಿಯ ಕಥೆಯನ್ನು ಮಗು ಬಾಯಿ ಬಿಟ್ಟು ಕೇಳುತ್ತದೆ. ವಿಕಾಸವೆಂದರೇನು ಎಂದು ತಾನೇ ಕೇಳಲು ತೊಡಗುತ್ತದೆ.

ಆದ್ದರಿಂದ ಸಂಘದ ಮುಂದೆ ಮೂರು ಸಣ್ಣ ಸೂಚನೆಗಳನ್ನು ಇಡುತ್ತೇವೆ. ಮೊದಲನೆಯದು, ಗಣೇಶೋತ್ಸವ, ರಾಜ್ಯೋತ್ಸವಗಳ ಕಾರ್ಯಕ್ರಮಗಳಲ್ಲಿ ಹಾಡು, ಹಾಸ್ಯಗಳ ಜೊತೆಗೆ ಕನ್ನಡದಲ್ಲಿ ಒಂದು ವಿಜ್ಞಾನದ ಮಾತು ಇರಲಿ. ಈ ಗಚ್ಚಿಬೌಲಿಯ ಸುತ್ತ ಸಂಶೋಧನೆ ಮಾಡುತ್ತಿರುವ ಕನ್ನಡಿಗರು ಕಡಿಮೆಯಿಲ್ಲ; ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರವನ್ನು ಕಟ್ಟಿ ಬೆಳೆಸಿದ ಹಳಬರ ದಾರಿ ನಮ್ಮ ಮುಂದಿದೆ. ಎರಡನೆಯದು, ದೂರವಾಣಿಯಲ್ಲಿ ಬಂದ ಸುದ್ದಿಯನ್ನು ಮುಂದೆ ದಾಟಿಸುವ ಮುನ್ನ ಮನೆಯವರೆಲ್ಲ ಕನ್ನಡದಲ್ಲೇ ಮೂರು ಮಾತು ಕೇಳುವ ಅಭ್ಯಾಸವಾಗಲಿ: ಇದನ್ನು ಯಾರು ಹೇಳಿದರು? ಅವರಿಗೆ ಹೇಗೆ ತಿಳಿಯಿತು? ತಪ್ಪಾಗಿದ್ದರೆ ನಮಗೆ ಗೊತ್ತಾಗುವುದು ಹೇಗೆ? ಮೂರನೆಯದು, ಮಗು ಪೂಜೆಯ ವಿಷಯವಾಗಿ ಪ್ರಶ್ನೆ ಕೇಳಿದರೂ ಗದರಿಸಬಾರದು. ಗೊತ್ತಿದ್ದರೆ ಹೇಳೋಣ; ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನೋಣ. 'ಗೊತ್ತಿಲ್ಲ' ಎಂಬುದು ವಿಜ್ಞಾನದಲ್ಲಿ ಗೌರವದ ಮಾತು.

ದೇವರ ಗೂಡನ್ನು ತೆಗೆಯಿರಿ ಎಂದು ನಾವು ಹೇಳಲಿಲ್ಲ; ಅದು ಅವರವರ ಮನೆಯ ವಿಷಯ. ಮದ್ದು, ನೀರು, ಗಾಳಿ, ಲಸಿಕೆ, ಮಗುವಿನ ಪಾಠ, ಇವು ಎಲ್ಲರ ವಿಷಯ. ಇಲ್ಲಿ ಸ್ವಾಮಿಗಳು ಹೇಳಲಿ, ಸರಕಾರ ಹೇಳಲಿ, ವಿಜ್ಞಾನಿಯೇ ಹೇಳಲಿ, ವಿನಯದಿಂದ ಲೆಕ್ಕ ಕೇಳೋಣ. ಲೆಕ್ಕ ಸರಿಯಾಗಿದ್ದರೆ ಮನಸ್ಸಿಟ್ಟು ಒಪ್ಪೋಣ. ಆ ಕೇಳುವ ಮಾತು ನಮ್ಮ ಮಕ್ಕಳ ಬಾಯಲ್ಲಿ ಕನ್ನಡವಾಗಿ ಬರಲಿ. ಕನ್ನಡ ಈ ಊರಿನಲ್ಲಿ ಬಾಳುವುದಾದರೆ ಹಾಡಿನಲ್ಲಿ ಮಾತ್ರವಲ್ಲ, ಪ್ರಶ್ನೆಯಲ್ಲಿಯೂ ಬಾಳಲಿ ಎಂದು ಹಾರೈಸುತ್ತೇವೆ.